ಕರಗದೆ ಉಳಿದ ಬಾಟಲಿ: ಒಂದು ಬೇಸಿಗೆಯ ಆಟೋಕ್ಲೇವ್ ಪ್ರಕರಣ

"ಮೇಡಂ, ಈ ವಾರವೂ ಹಳದಿ."

ಏಪ್ರಿಲ್ ಮೊದಲ ವಾರದ ಒಂದು ಬೆಳಗ್ಗೆ ವೈದ್ಯಕೀಯ ತ್ಯಾಜ್ಯ ಘಟಕದ ಸೂಪರ್‌ವೈಸರ್ ಫೋನಿನಲ್ಲಿ ಹೇಳಿದ್ದು ಇಷ್ಟೇ. ಸತತ ಮೂರನೇ ವಾರ ಪರೀಕ್ಷೆಯ ಶೀಶೆ ಹಳದಿಯಾಗಿತ್ತು, ಅಂದರೆ ಹಬೆಯಲ್ಲಿಟ್ಟ ತ್ಯಾಜ್ಯ ಸರಿಯಾಗಿ ಬೆಂದಿರಲಿಲ್ಲ. ಮೊದಲ ವಾರ ಆತ ಶೀಶೆಯ ಫೋಟೊ ಕಳಿಸಿದಾಗ "ಶೀಶೆ ಹಳೆಯದಿರಬಹುದು, ಇನ್ನೊಮ್ಮೆ ಇಟ್ಟು ನೋಡಿ" ಎಂದು ಉತ್ತರಿಸಿದವಳು ನಾನೇ. ಎರಡನೇ ವಾರ ಕಾಲೇಜಿನಲ್ಲಿ ಪ್ರಾಯೋಗಿಕ ಪರೀಕ್ಷೆಗಳು ನಡೆಯುತ್ತಿದ್ದವು, ಫೋಟೊ ನೋಡಿ ಬದಿಗಿಟ್ಟೆ. ಆ ಎರಡು ವಾರಗಳ ಹೊಣೆಯಲ್ಲಿ ನನ್ನ ಪಾಲೂ ಇದೆ. ಇದನ್ನು ಮೊದಲೇ ಹೇಳದೆ ಮುಂದಿನದನ್ನು ಬರೆಯಲು ಮನಸ್ಸು ಒಪ್ಪಲಿಲ್ಲ.

ನಾನು ಸೂಕ್ಷ್ಮಜೀವಶಾಸ್ತ್ರ ಕಲಿಸುವವಳು. ಈ ಘಟಕದ ಸ್ಪೋರ್ (ಗಟ್ಟಿ ಕವಚದೊಳಗೆ ನಿದ್ರಿಸುವ ಬ್ಯಾಕ್ಟೀರಿಯಾ) ಪರೀಕ್ಷೆಯ ದಾಖಲೆಗಳನ್ನು ಆಗಾಗ ನೋಡಿ ಕೊಡುವುದು ನನ್ನ ಪಾಲಿಗೆ ಬಂದ ಕೆಲಸ. ಘಟಕ ಇರುವುದು ಬಯಲುಸೀಮೆಯ ಒಂದು ಜಿಲ್ಲೆಯಲ್ಲಿ, ಹೆಚ್ಚುಕಡಿಮೆ ಬೆಂಗಳೂರಿನಷ್ಟೇ ಎತ್ತರದಲ್ಲಿ. ಊರಿನ ಹೆಸರು, ಘಟಕದ ಹೆಸರು ಇಲ್ಲಿ ಬೇಡ. ಸುತ್ತಲಿನ ಆಸ್ಪತ್ರೆ, ನರ್ಸಿಂಗ್ ಹೋಂ, ಕ್ಲಿನಿಕ್, ಲ್ಯಾಬುಗಳಿಂದ ಬಣ್ಣಬಣ್ಣದ ಚೀಲಗಳು ಮುಚ್ಚಿದ ಗಾಡಿಯಲ್ಲಿ ಇಲ್ಲಿಗೆ ಬರುತ್ತವೆ. ಹಳದಿ ಚೀಲದ್ದು ಸುಡುವ ಕುಲುಮೆಗೆ ಹೋಗುತ್ತದೆ. ಕೆಂಪು ಚೀಲದ್ದು, ಅಂದರೆ ಸಿರಿಂಜಿನ ಕೊಳವೆ, ಡ್ರಿಪ್ ಸೆಟ್ಟು, ಸಲೈನ್ ಬಾಟಲಿ, ಮೂತ್ರದ ಚೀಲ, ಕ್ಯಾಥೆಟರ್, ಕೈಗವಸು, ಇವೆಲ್ಲ ಆಟೋಕ್ಲೇವಿನಲ್ಲಿ, ಅಂದರೆ ಒತ್ತಡದ ಹಬೆಯ ಯಂತ್ರದಲ್ಲಿ, ಬೆಂದು, ಆಮೇಲೆ ಶ್ರೆಡ್ಡರಿನಲ್ಲಿ ಚೂರಾಗಿ, ಪ್ಲಾಸ್ಟಿಕ್ ಮರುಬಳಕೆ ಮಾಡುವವರಿಗೆ ಮಾರಾಟವಾಗುತ್ತವೆ. ಈ ಪ್ಲಾಸ್ಟಿಕ್‌ನಲ್ಲಿ ಪಿವಿಸಿ ಇರುತ್ತದೆ. ಅದನ್ನು ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಹಾಗಾಗಿ ಕೆಂಪು ಚೀಲಕ್ಕೆ ಬೆಂಕಿಯ ದಾರಿ ಇಲ್ಲ. ಹಬೆಯನ್ನೇ ನಂಬಬೇಕು.

ಆ ಹಬೆ ತನ್ನ ಕೆಲಸ ಮಾಡಿದೆಯೋ ಇಲ್ಲವೋ ಎಂದು ಹೇಳುವುದು ಒಂದು ಪುಟ್ಟ ಶೀಶೆ. ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಎಂಬ ಬ್ಯಾಕ್ಟೀರಿಯಾದ ಕನಿಷ್ಠ 10 ಲಕ್ಷ ಸ್ಪೋರುಗಳು ಅದರೊಳಗೆ ಇರುತ್ತವೆ. ಇದು ರೋಗ ತರುವ ಜೀವಿಯಲ್ಲ. ಬಿಸಿನೀರಿನ ಬುಗ್ಗೆಗಳಂಥ ಕಡೆ ಬದುಕುವ, ಹಬೆಗೆ ಬಹಳ ಹೊತ್ತು ಜಗ್ಗದ ಜೀವಿ. ಇದು ಸತ್ತಿತೆಂದರೆ ಉಳಿದ ರೋಗಾಣುಗಳು ಅದಕ್ಕೂ ಮೊದಲೇ ಸತ್ತಿರುತ್ತವೆ ಎಂಬ ಲೆಕ್ಕದಲ್ಲಿ ಇದನ್ನು ಆರಿಸಿದ್ದಾರೆ. ತ್ಯಾಜ್ಯದ ನಡುವೆ ಶೀಶೆ ಇಟ್ಟು ಬೇಯಿಸಿ, ಹೊರತೆಗೆದು, ಸುಮಾರು 56 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ಎರಡು ದಿನ ಇಡುತ್ತಾರೆ. ದ್ರವ ನೇರಳೆಯಾಗಿಯೇ ಉಳಿದರೆ ಸ್ಪೋರು ಸತ್ತಿದೆ. ಹಳದಿಗೆ ತಿರುಗಿದರೆ ಬದುಕಿದೆ, ಬೆಳೆದಿದೆ, ಆಮ್ಲ ಬಿಟ್ಟಿದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಈ ಪರೀಕ್ಷೆ ವಾರಕ್ಕೊಮ್ಮೆ ಆಗಲೇಬೇಕು.

ಆ ದಿನ ಮಧ್ಯಾಹ್ನವೇ ಹೊರಟೆ. ಮೊದಲು ಶೀಶೆಯ ಮೇಲಿನ ಅನುಮಾನ ಕಳೆಯಬೇಕಿತ್ತು. ಅದೇ ಡಬ್ಬಿಯ ನಾಲ್ಕು ಶೀಶೆ ತರಿಸಿಕೊಂಡು, ಮೂರನ್ನು ನಮ್ಮ ಕಾಲೇಜಿನ ಸಣ್ಣ ಆಟೋಕ್ಲೇವಿನಲ್ಲಿ ಬೇಯಿಸಲು ಇಟ್ಟು, ಒಂದನ್ನು ಬೇಯಿಸದೆ ಹಾಗೇ ಬಿಟ್ಟಿದ್ದೆ. ಎರಡು ದಿನದ ಮೇಲೆ ಆ ಮೂರೂ ನೇರಳೆ, ಬೇಯಿಸದ್ದು ಮಾತ್ರ ಹಳದಿ. ಶೀಶೆಯಲ್ಲಿ ದೋಷವಿರಲಿಲ್ಲ. ಆದರೆ ಆ ಉತ್ತರಕ್ಕಾಗಿ ಕಾಯದೆ, ಹೋದ ದಿನವೇ ಮಾಲೀಕರಿಗೆ ಹೇಳಿ ಆಟೋಕ್ಲೇವ್ ನಿಲ್ಲಿಸಿದೆವು. ಅವರು ಒಪ್ಪಿದರು. ಒಪ್ಪಲು ಅರ್ಧ ಗಂಟೆ ಬೇಕಾಯಿತು. ತ್ಯಾಜ್ಯವನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಗಾಡಿಗಳು ಬರುತ್ತಲೇ ಇರುತ್ತವೆ. ಅವರ ತಲೆಬಿಸಿ ನನಗೂ ಅರ್ಥವಾಗುತ್ತಿತ್ತು. ಕೊನೆಗೆ ಕೆಂಪು ಚೀಲಗಳನ್ನು ಪಕ್ಕದ ಜಿಲ್ಲೆಯ ಇನ್ನೊಂದು ಘಟಕಕ್ಕೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಿ, ಕಳಿಸುವ ವ್ಯವಸ್ಥೆ ಆಯಿತು.

ಯಂತ್ರದ ಪೆನ್ನು ಒತ್ತಡ, ಬಿಸಿಯನ್ನು ಗೆರೆಯಾಗಿ ಬರೆದಿಡುವ ಚಾರ್ಟುಗಳನ್ನು, ಡಿಸೆಂಬರಿನಿಂದ ಈಚಿನವನ್ನೆಲ್ಲ, ಪಕ್ಕದಲ್ಲೇ ಹರಡಿಕೊಂಡು ಕೂತೆ. ಇದು ನಿರ್ವಾತ ಆಟೋಕ್ಲೇವ್. ಮೊದಲು ಪಂಪು ಒಳಗಿನ ಗಾಳಿಯನ್ನು ಎಳೆದು ಹಾಕುತ್ತದೆ, ಆಮೇಲೆ ಹಬೆ ನುಗ್ಗುತ್ತದೆ. ಇಂಥ ಯಂತ್ರಕ್ಕೆ ನಿಯಮ ಹೇಳುವುದು 121 ಡಿಗ್ರಿ ಬಿಸಿ, ಒತ್ತಡ 15 ಪಿಎಸ್‌ಐ, 45 ನಿಮಿಷ. ಪಂಪಿಲ್ಲದೆ ಹಬೆಯ ಒತ್ತಡದಿಂದಲೇ ಗಾಳಿಯನ್ನು ಕೆಳಕ್ಕೆ ತಳ್ಳುವ ಯಂತ್ರಕ್ಕಾದರೆ ಅದೇ ಬಿಸಿಯಲ್ಲಿ 60 ನಿಮಿಷ. ಚಾರ್ಟುಗಳಲ್ಲಿ ಒತ್ತಡದ ಗೆರೆ 15ರ ಮೇಲೆ ನೂಲು ಹಿಡಿದ ಹಾಗೆ ನಿಂತಿತ್ತು. ಬಿಸಿಯ ಗೆರೆ ಮಾತ್ರ 119ರ ಆಸುಪಾಸಿನಲ್ಲಿ ಓಡಿತ್ತು. ಒಂದು ದಿನವಲ್ಲ, ಎಲ್ಲ ದಿನವೂ.

"ಇದೇನು, 121 ಮುಟ್ಟೇ ಇಲ್ಲವಲ್ಲ?"

"ಪೆನ್ನು ಒಂಚೂರು ಕೆಳಗೆ ಕೂತಿದೆ ಮೇಡಂ. ಅದು ಮೊದಲಿಂದಾನೂ ಹಂಗೇ. ಗೇಜು ನೋಡಿ, ಕರೆಕ್ಟಾಗಿ ಹದಿನೈದು."

ಪೆನ್ನು ನಿಜವನ್ನೇ ಬರೆದಿತ್ತು. ಗೇಜು ತೋರಿಸುವುದು ಹೊರಗಿನ ಗಾಳಿಯ ಒತ್ತಡಕ್ಕಿಂತ ಒಳಗಿನದು ಎಷ್ಟು ಹೆಚ್ಚು ಎಂಬುದನ್ನು. ಸಮುದ್ರಮಟ್ಟದಲ್ಲಿ ಹೊರಗಿನ ಒತ್ತಡ 14.7 ಪಿಎಸ್‌ಐ, ಅದಕ್ಕೆ 15 ಸೇರಿದರೆ ಹಬೆ 121 ಡಿಗ್ರಿಯಲ್ಲಿರುತ್ತದೆ. ಸುಮಾರು 900 ಮೀಟರ್ ಎತ್ತರದ ನಮ್ಮ ಬಯಲಲ್ಲಿ ಹೊರಗಿನ ಒತ್ತಡವೇ 13.2ರಷ್ಟು. ಬೆಂಗಳೂರಿನಲ್ಲಿ ಅನ್ನದ ಎಸರು 100ರ ಬದಲು 97 ಡಿಗ್ರಿಗೇ ಕುದಿಯುವುದು ಇದೇ ಕಾರಣಕ್ಕೆ. ಇಲ್ಲಿ ಗೇಜು 15 ತೋರಿಸಿದಾಗ ಶುದ್ಧ ಹಬೆಯೂ 119ರಲ್ಲೇ ಇರುತ್ತದೆ. 121 ಬೇಕೆಂದರೆ ಗೇಜು ಹದಿನಾರೂವರೆಯ ಮೇಲೆ ಹೋಗಬೇಕು. ಯಂತ್ರ ತಂದವರು ಪುಸ್ತಕದಲ್ಲಿದ್ದ 15ನ್ನು ಹಾಗೇ ಇಟ್ಟು ಹೋಗಿದ್ದರು, ಬಿಸಿಯ ಗೆರೆ ಕೆಳಗೆ ಓಡಿದಾಗ ತಪ್ಪನ್ನು ಪೆನ್ನಿನ ಮೇಲೆ ಹಾಕಲಾಗಿತ್ತು. ದಖ್ಖನ್ ಪ್ರಸ್ಥಭೂಮಿಯ ಮೇಲಿರುವ ಪ್ರತಿ ಆಟೋಕ್ಲೇವಿನ ಮುಂದೆಯೂ ಈ ಲೆಕ್ಕ ದೊಡ್ಡ ಅಕ್ಷರದಲ್ಲಿ ಬರೆದಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಾರಣ ಸಿಕ್ಕಿತು ಎಂದು ಸೂಪರ್‌ವೈಸರ್ ಮುಖ ಅರಳಿತು. ನನಗೆ ಸಮಾಧಾನವಾಗಲಿಲ್ಲ. ಈ ತಪ್ಪು ವರ್ಷಪೂರ್ತಿ ಇದ್ದ ತಪ್ಪು. ಡಿಸೆಂಬರ್, ಜನವರಿಯಲ್ಲೂ ಗೆರೆ 119ರಲ್ಲೇ ಇತ್ತು, ಆಗ ಶೀಶೆಗಳೆಲ್ಲ ನೇರಳೆ. ಲೆಕ್ಕವೂ ಹಾಗೇ ಹೇಳುತ್ತದೆ. 121 ಡಿಗ್ರಿಯಲ್ಲಿ ಈ ಸ್ಪೋರುಗಳ ಹತ್ತರಲ್ಲಿ ಒಂಬತ್ತು ಪಾಲು ಸಾಯಲು ಒಂದೂವರೆಯಿಂದ ಎರಡು ನಿಮಿಷ ಸಾಕು. ಬಿಸಿ 10 ಡಿಗ್ರಿ ಇಳಿದರೆ ಅದೇ ಕೆಲಸಕ್ಕೆ ಹತ್ತು ಪಟ್ಟು ಹೊತ್ತು ಬೇಕು. ಎರಡು ಡಿಗ್ರಿ ಕಡಿಮೆಯಾದರೂ 45 ನಿಮಿಷದಲ್ಲಿ ಅವು ನಿರ್ನಾಮವಾಗಲೇಬೇಕು. ಆದ್ದರಿಂದ 119 ನಿಯಮದ ಉಲ್ಲಂಘನೆ ಹೌದು, ಆದರೆ ಹಳದಿಗೆ ಕಾರಣವಲ್ಲ. ಶೀಶೆ ಇದ್ದ ಜಾಗದಲ್ಲಿ ಬಿಸಿ ಅದಕ್ಕಿಂತ ಬಹಳ ಕೆಳಗಿತ್ತು.

ಪ್ರತಿ ಚೀಲದ ಮೇಲೂ ಅಂಟಿಸುವ ಸೂಚಕ ಟೇಪಿನ ಪಟ್ಟಿಗಳು ಮೂರೂ ವಾರ ಚೆನ್ನಾಗಿ ಕಪ್ಪಾಗಿದ್ದವು. ಟೇಪು ಚೀಲದ ಹೊರಗೆ ಇರುತ್ತದೆ. ಹೊರಗೆ ಹಬೆ ತಗಲಿದೆ ಎಂಬಷ್ಟಕ್ಕೆ ಮಾತ್ರ ಅದು ಸಾಕ್ಷಿ.

ದಾರಿ ತೋರಿಸಿದ್ದು ಶ್ರೆಡ್ಡರ್ ಹತ್ತಿರ ಕೆಲಸ ಮಾಡುವ ಅಕ್ಕ. ಏಳೆಂಟು ವರ್ಷದಿಂದ ಅದೇ ಯಂತ್ರದ ಬಾಯಿಗೆ ಬೆಂದ ಪ್ಲಾಸ್ಟಿಕ್ ಹಾಕುತ್ತಿರುವವರು. ನಾನು ಕಾಗದ ಹರಡಿಕೊಂಡು ಕೂತಿದ್ದನ್ನು ಒಂದೆರಡು ಸಲ ನೋಡಿ ಹೋದರು. ಮೂರನೇ ಸಲ ಹತ್ತಿರ ಬಂದರು.

"ಮೇಡಂ, ಒಂದು ಮಾತು. ಚಳಿಗಾಲದಾಗೆ ಸಲೈನ್ ಬಾಟ್ಲಿ ಎಲ್ಲಾ ಮುದ್ದೆ ಆಗಿ ಬರ್ತಿದ್ವು. ಈಗ ಒಂದು ತಿಂಗಳಿಂದ ನಡುಕಿನವು ಬಾಟ್ಲಿ ಹಂಗೇ ಬರ್ತಾವೆ. ಮೆಷಿನ್ ಸದ್ದೇ ಬ್ಯಾರೆ ಆಗೈತೆ."

"ಯಾರಿಗಾದರೂ ಹೇಳಿದ್ರಾ ಅಕ್ಕಾ?"

"ಯಾರು ಕೇಳ್ತಾರಮ್ಮ ನಮ್ಮನ್ನ."

ಅವತ್ತು ಬೆಳಗ್ಗೆ ಬೆಂದ ಚೀಲವೊಂದು ಟ್ರಾಲಿಯಲ್ಲಿ ಹಾಗೇ ಇತ್ತು. ಮುಖಕವಚ, ದಪ್ಪ ಕೈಗವಸು ಹಾಕಿಕೊಂಡು ಅದನ್ನು ಸೀಳಿಸಿ ನೋಡಿದೆವು. ಹೊರಗಿನ ಸುತ್ತು ರಾಗಿಮುದ್ದೆಯಂತೆ ಒಂದಕ್ಕೊಂದು ಅಂಟಿಕೊಂಡಿತ್ತು: ಚೀಲದ ಕೆಂಪು ಪದರ, ಬಾಟಲಿ, ಕೊಳವೆ ಎಲ್ಲ ಸೇರಿ ಒಂದೇ ಗಟ್ಟಿ. ಅದರೊಳಗೆ ಎರಡು ಗೇಣು ಇಳಿದರೆ ಬೇರೆಯೇ ಲೋಕ. ಅರ್ಧ ಲೀಟರಿನ ಸಲೈನ್ ಬಾಟಲಿಯೊಂದು ಅಂಗಡಿಯಿಂದ ತಂದಷ್ಟು ನೆಟ್ಟಗಿತ್ತು. ಮೇಲಿನ ಲೇಬಲ್ಲಿನ ಅಕ್ಷರ ಒಂದೂ ಅಳಿಸಿರಲಿಲ್ಲ. ತಳದಲ್ಲಿ ಎರಡು ಚಮಚದಷ್ಟು ದ್ರವ ಉಳಿದಿತ್ತು. ಅದರ ಪಕ್ಕದಲ್ಲಿ ಒಂದು ಮೂತ್ರದ ಚೀಲ ಗಾಳಿ ತುಂಬಿದ ದಿಂಬಿನ ಹಾಗೆ ಉಬ್ಬಿಕೊಂಡಿತ್ತು.

ಇಂಥ ಬಾಟಲಿಗಳನ್ನು ಸಾಮಾನ್ಯವಾಗಿ ಮಾಡುವುದು ಕಡಿಮೆ ಸಾಂದ್ರತೆಯ ಪಾಲಿಥಿನ್‌ನಿಂದ. 105ರಿಂದ 115 ಡಿಗ್ರಿಯ ನಡುವೆ ಅದು ಮೆತ್ತಗಾಗಿ ಕರಗುತ್ತದೆ. ನೆಟ್ಟಗೆ ನಿಂತ ಆ ಬಾಟಲಿಯೇ ಒಂದು ಥರ್ಮಾಮೀಟರ್. ಅದರ ಸುತ್ತ ಬಿಸಿ 105 ದಾಟಿರಲಿಲ್ಲ. ಶೀಶೆ ಎರಡು ದಿನ ತೆಗೆದುಕೊಂಡು ಹೇಳುವುದನ್ನು ಆ ಅಕ್ಕನ ಕಣ್ಣು, ಕಿವಿ ಒಂದು ತಿಂಗಳಿನಿಂದ ದಿನಾ ಹೇಳುತ್ತಿದ್ದವು. ದಾಖಲೆ ಪುಸ್ತಕದಲ್ಲಿ ಒತ್ತಡಕ್ಕೆ, ಬಿಸಿಗೆ, ಟೇಪಿಗೆ, ಸಹಿಗೆ ಕಾಲಂ ಇದ್ದವು. ಆ ಅಕ್ಕ ಕಂಡದ್ದನ್ನು ಬರೆಯಲು ಒಂದು ಕಾಲಂ ಇರಲಿಲ್ಲ.

ಮರುದಿನ ಗುಂಡಿಯಷ್ಟು ದಪ್ಪದ ಮೂರು ಡಾಟಾ ಲಾಗರ್ ತಂದೆ. ಉಕ್ಕಿನ ಕವಚದ ಇವು ನಿಮಿಷ ನಿಮಿಷದ ಬಿಸಿಯನ್ನು ಒಳಗೇ ಬರೆದಿಟ್ಟುಕೊಳ್ಳುತ್ತವೆ. ಒಂದನ್ನು ಬಿಗಿಯಾಗಿ ಗಂಟು ಹಾಕಿದ ಚೀಲದ ನಡುವೆ, ಇನ್ನೊಂದನ್ನು ಗಂಟು ಹಾಕಿ ಮೇಲೆ ನಾಲ್ಕು ಕಡೆ ಸೀಳಿದ ಚೀಲದ ನಡುವೆ, ಮೂರನೆಯದನ್ನು ಬಾಯಿ ಬಿಟ್ಟ ಚೀಲದ ನಡುವೆ ಇಟ್ಟು, ಎಂದಿನ ಹಾಗೆಯೇ 45 ನಿಮಿಷ ಬೇಯಿಸಿದೆವು. ಬಾಯಿ ಬಿಟ್ಟದ್ದು 117ಕ್ಕೆ ಏರಿತ್ತು. ಸೀಳಿದ್ದು 115. ಬಿಗಿ ಗಂಟಿನದು 45ನೇ ನಿಮಿಷದಲ್ಲೂ 103ರಲ್ಲಿ ಕೂತಿತ್ತು. 103 ಡಿಗ್ರಿಯಲ್ಲಿ ಆ ಸ್ಪೋರುಗಳನ್ನು ಕೊಲ್ಲಬೇಕೆಂದರೆ ಬೆಳಗಿನಿಂದ ಸಂಜೆಯವರೆಗೆ ಬೇಯಿಸಬೇಕಾದೀತು.

ಇಲ್ಲಿ ಹಬೆಯ ಗುಣವೊಂದನ್ನು ಹೇಳದೆ ಮುಂದೆ ಹೋಗಲಾಗದು. ಹಬೆ ಕೊಲ್ಲುವುದು ಬರೀ ಬಿಸಿಯಿಂದಲ್ಲ, ತಣ್ಣನೆಯ ವಸ್ತುವಿನ ಮೇಲೆ ನೀರಾಗುವಾಗ ಬಿಟ್ಟುಕೊಡುವ ಶಾಖದಿಂದ. ಒಂದು ಕೆಜಿ ಹಬೆ ನೀರಾಗುವಾಗ ಸುಮಾರು 2,200 ಕಿಲೋಜೂಲ್ ಬಿಡುತ್ತದೆ. ಅಷ್ಟೇ ಬಿಸಿಯ ಒಂದು ಕೆಜಿ ಗಾಳಿ ಕೋಣೆಯ ತಂಪಿಗೆ ಇಳಿಯುವಾಗ ಬಿಡುವುದು ನೂರನ್ನೂ ಮುಟ್ಟುವುದಿಲ್ಲ. ಅಡುಗೆಮನೆಯಲ್ಲಿ ಇಡ್ಲಿ ಪಾತ್ರೆಯ ಹಬೆ ಕೈಗೆ ಹೊಡೆದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಗಾಳಿ ತುಂಬಿದ ಚೀಲದ ಸುತ್ತ ಎಷ್ಟೇ ಹಬೆ ಇರಲಿ, ಒಳಗೆ ಹೋಗಿ ನೀರಾಗಲು ಜಾಗವಿಲ್ಲ. ಗಾಳಿ ಕಂಬಳಿಯ ಹಾಗೆ ಅಡ್ಡ ನಿಲ್ಲುತ್ತದೆ. ಗೇಜಿಗೆ ಇದು ತಿಳಿಯುವುದಿಲ್ಲ, ಏಕೆಂದರೆ ಗಾಳಿಗೂ ಒತ್ತಡವಿದೆ. ಸಮುದ್ರಮಟ್ಟದಲ್ಲಿ ಪೂರ್ತಿ ಗಾಳಿ ತೆಗೆದು 15 ಪಿಎಸ್‌ಐ ಹಬೆ ತುಂಬಿದರೆ 121 ಡಿಗ್ರಿ. ಅರ್ಧ ಗಾಳಿ ಉಳಿದರೆ ಅದೇ 15ಕ್ಕೆ 112. ಗಾಳಿಯನ್ನು ತೆಗೆಯದೇ ಇದ್ದರೆ ಬರೀ 100. ಗೇಜು ಮೂರಕ್ಕೂ ಒಂದೇ ಅಂಕಿ ತೋರಿಸುತ್ತದೆ. ಈ ಯಂತ್ರದ ಬಿಸಿ ಅಳೆಯುವ ಸಂವೇದಕವೋ ಹಬೆ ಒಳಬರುವ ಮೇಲಿನ ಬಾಯಿಯ ಹತ್ತಿರವೇ ಇತ್ತು. ಎಲ್ಲಕ್ಕಿಂತ ಮೊದಲು ಬಿಸಿಯಾಗುವ ಜಾಗ ಅದು.

ಹಾಗಾದರೆ ಚಳಿಗಾಲದಲ್ಲಿ ಹೊರಗೆ ಹೋಗುತ್ತಿದ್ದ ಗಾಳಿ ಬೇಸಿಗೆಯಲ್ಲಿ ಏಕೆ ಉಳಿಯಿತು? ಗಂಟು ಆಗಲೂ ಇತ್ತು, ಈಗಲೂ ಇದೆ. ಆಗ ಪಂಪು ಚೆನ್ನಾಗಿ ಎಳೆಯುತ್ತಿತ್ತು. ಚೀಲದ ಸುತ್ತಲಿನ ಒತ್ತಡ ತಟ್ಟನೆ ಇಳಿದಾಗ ಚೀಲ ಉಬ್ಬಿ ಗಂಟಿನ ಸಂದಿಯಿಂದಲೋ ಒಡೆದ ಜಾಗದಿಂದಲೋ ಗಾಳಿ ಹೊರಬರುತ್ತಿತ್ತು. ದಾಖಲೆಯಲ್ಲಿ ನಿರ್ವಾತದ ಅಂಕಿ (ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ ಎಷ್ಟು ಒತ್ತಡ ಎಳೆದು ತೆಗೆದಿದೆ ಎಂಬುದು) ಜನವರಿಯಲ್ಲಿ 600 ಮಿಲಿಮೀಟರ್, ಏಪ್ರಿಲ್‌ನಲ್ಲಿ 430. ಈ ಎತ್ತರದಲ್ಲಿ ವಾತಾವರಣದ ಒತ್ತಡವೇ 685ರಷ್ಟು. ಜನವರಿಯಲ್ಲಿ ಎಂಟರಲ್ಲಿ ಒಂದು ಪಾಲು ಗಾಳಿ ಉಳಿಯುತ್ತಿತ್ತು, ಏಪ್ರಿಲ್‌ನಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು. ಯಂತ್ರ ಮಾತ್ರ ಎಷ್ಟು ಎಳೆದೆ ಎಂದು ನೋಡುತ್ತಿರಲಿಲ್ಲ. ಎಂಟು ನಿಮಿಷ ಪಂಪು ಓಡಿಸಿ ಹಬೆ ಬಿಡುವಂತೆ ಅದನ್ನು ಹೊಂದಿಸಿದ್ದರು.

ಪಂಪು ಕೆಟ್ಟಿದೆ ಎಂದು ಮೆಕ್ಯಾನಿಕ್ ಬಂದು ಬಿಚ್ಚಿದ. ಒಳಗೆ ಬೋರ್‌ವೆಲ್ ನೀರಿನ ಸುಣ್ಣ ಗಟ್ಟಿ ಕಟ್ಟಿತ್ತು, ಅದನ್ನು ಕೆರೆದು ತೆಗೆದ. ಬೇರೇನೂ ಕೆಟ್ಟಿರಲಿಲ್ಲ. ಮತ್ತೆ ಜೋಡಿಸಿ ಓಡಿಸಿದರೆ ಬೆಳಗ್ಗೆ 560, ಮಧ್ಯಾಹ್ನ ಮೂರಕ್ಕೆ 450. ಅದೇ ಪಂಪು, ಅದೇ ದಿನ.

ಇದು ನೀರಿನ ಉಂಗುರದ ಪಂಪು. ಒಳಗೆ ತಿರುಗುವ ನೀರಿನ ಉಂಗುರವೇ ಪಿಸ್ಟನ್ನಿನ ಕೆಲಸ ಮಾಡುತ್ತದೆ. ಆ ನೀರು ತಣ್ಣಗಿದ್ದಷ್ಟು ಒಳ್ಳೆಯದು. ನೀರು ಬಿಸಿಯಾದರೆ ಪಂಪಿನೊಳಗೇ ಆವಿ ಎದ್ದು, ಗಾಳಿ ಬರಬೇಕಾದ ಜಾಗವನ್ನು ಆವಿಯೇ ತುಂಬಿಕೊಳ್ಳುತ್ತದೆ. 25 ಡಿಗ್ರಿಯ ನೀರಿನ ಆವಿಯ ಒತ್ತಡ 24 ಮಿಲಿಮೀಟರ್, 50 ಡಿಗ್ರಿಯದು 92. ಹಿತ್ತಿಲಿನ ತೊಟ್ಟಿಗೆ ಹೋಗಿ ಕೈ ಅದ್ದಿದೆ, ಹಿಂದಕ್ಕೆಳೆದುಕೊಳ್ಳಬೇಕಾಯಿತು. ಥರ್ಮಾಮೀಟರ್ 48 ತೋರಿಸಿತು.

ತೊಟ್ಟಿ ಏಕೆ ಕಾದಿತ್ತು ಎಂಬುದಕ್ಕೆ ಉತ್ತರ ಬಯಲುಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಾರ್ಚಿನಲ್ಲಿ ಬೋರ್‌ವೆಲ್ ಸೊರಗಿತ್ತು. ಟ್ಯಾಂಕರ್ ನೀರಿಗೆ ದುಡ್ಡು ಸುರಿಯುತ್ತಿದ್ದರು. ಹಾಗಾಗಿ ಪಂಪಿನಿಂದ ಹೊರಬಂದ ನೀರನ್ನು ಚರಂಡಿಗೆ ಬಿಡದೆ ತೊಟ್ಟಿಗೇ ತಿರುಗಿಸಿದ್ದರು. ಇನ್ನೂ ಉಳಿತಾಯವಾಗಲೆಂದು ಆಟೋಕ್ಲೇವಿನಿಂದ ಬಸಿಯುವ ಕುದಿನೀರನ್ನೂ ಅದೇ ತೊಟ್ಟಿಗೆ ಬಿಟ್ಟಿದ್ದರು. ನೀರು ಉಳಿಸಬೇಕೆಂಬ ಒಳ್ಳೆಯ ಬುದ್ಧಿಯಿಂದಲೇ ಮಾಡಿದ ಕೆಲಸ, ಯಾರನ್ನೂ ಬೈಯಲು ಬಾಯಿ ಬರಲಿಲ್ಲ. ಆದರೆ ಇನ್ನೊಂದು ಅಪಾಯವೂ ಅಲ್ಲಿತ್ತು. ಮೊದಲು ಎಳೆದು ತೆಗೆಯುವ ಗಾಳಿ ಬೇಯದ ತ್ಯಾಜ್ಯದ ನಡುವಿನಿಂದ ಬರುವ ಗಾಳಿ. ಅದು ಸೋಸುವ ಫಿಲ್ಟರ್ ದಾಟದೆ ತೆರೆದ ತೊಟ್ಟಿಯ ನೀರಿಗೆ ಬಂದು ಗುಳ್ಳೆಗುಳ್ಳೆಯಾಗಿ ಒಡೆಯುತ್ತಿತ್ತು. ಪಕ್ಕದಲ್ಲೇ ಕೆಲಸದವರ ಊಟದ ಡಬ್ಬಿಗಳ ಕಟ್ಟೆ.

ಇನ್ನು ಗಂಟಿನ ಕಥೆ. ಸುತ್ತಲಿನ ಒಂದು ಆಸ್ಪತ್ರೆಯ ವಾರ್ಡಿಗೆ ಹೋಗಿ ನೋಡಿದೆ. ಆಯಾ ಒಬ್ಬರು ಕೆಂಪು ಚೀಲವನ್ನು ಮಂಡಿಯಿಂದ ಅದುಮಿ, ಬಾಯಿ ತಿರುಚಿ, ಎರಡು ಗಂಟು ಹಾಕಿ, ಮೇಲೊಂದು ದಾರ ಸುತ್ತಿದರು. ಇಷ್ಟು ಬಿಗಿ ಏಕೆಂದು ಕೇಳಿದೆ. "ಸೋರಿದ್ರೆ ಗಾಡಿಯವರು ತಗಳ್ಳಲ್ಲ ಮೇಡಂ, ವಾಪಸ್ ಇಟ್ಟು ಹೋಗ್ತಾರೆ. ಆಮೇಲೆ ಸಿಸ್ಟರ್ ಹತ್ರ ನಾವು ಬೈಸ್ಕೋಬೇಕು." ಅವರು ಮಾಡಿದ್ದು ಸರಿ. ಸಾಗಿಸುವ ಚೀಲ ಸೋರಬಾರದು. ದಾರಿಯುದ್ದಕ್ಕೂ ಬೇಕಾದ ಅದೇ ಗಂಟು ಆಟೋಕ್ಲೇವಿನ ಬಾಗಿಲಲ್ಲಿ ಬೇಡವಾಗುತ್ತದೆ. ವಾರ್ಡಿನಲ್ಲಿ ತಪ್ಪಿದ್ದು ಬೇರೆ: ಸಲೈನ್ ಬಾಟಲಿ ಕತ್ತರಿಸಿರಲಿಲ್ಲ, ಮೂತ್ರದ ಚೀಲ ಖಾಲಿ ಮಾಡಿ ಸೀಳಿರಲಿಲ್ಲ. ಚೀಲದೊಳಗೊಂದು ಚೀಲ, ಅದರೊಳಗೆ ಗಾಳಿ. ಹೊರಚೀಲದ ಗಂಟು ಬಿಚ್ಚಿದರೂ ಒಳಗಿನವು ಬಾಯಿ ಮುಚ್ಚಿಕೊಂಡೇ ಇರುತ್ತವೆ.

ಇಷ್ಟೆಲ್ಲ ಹುಡುಕುವಾಗ ಗೋದಾಮಿನ ಮೂಲೆಯಲ್ಲಿ ಪೇರಿಸಿದ್ದ ಮೂಟೆಗಳು ನನ್ನ ತಲೆಯಿಂದ ಇಳಿಯಲಿಲ್ಲ. ಆ ವಾರಗಳಲ್ಲಿ ಅರೆಬೆಂದು ಚೂರಾದ ಪ್ಲಾಸ್ಟಿಕ್ ಅದು. ಅಷ್ಟೇ ಮೂಟೆಗಳು ಆಗಲೇ ಮರುಬಳಕೆಯವರ ಹತ್ತಿರ ಹೋಗಿದ್ದವು.

ಶ್ರೆಡ್ಡರ್ ಇರುವುದು ಜಾಗ ಉಳಿಸಲು ಎಂದು ಬಹಳ ಜನ ತಿಳಿದಿದ್ದಾರೆ. ಅದರ ನಿಜವಾದ ಕೆಲಸ ಸಿರಿಂಜು ಮತ್ತೆ ಸಿರಿಂಜಾಗದಂತೆ ಮಾಡುವುದು. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಹೆಪಟೈಟಿಸ್ ಬಿ ಹಬ್ಬಿ ಹಲವರು ಸತ್ತಾಗ, ಬಳಸಿದ ಸಿರಿಂಜುಗಳನ್ನೇ ಮತ್ತೆ ಚುಚ್ಚಿದ್ದು ಬೆಳಕಿಗೆ ಬಂತು. ಚೂರು ಮಾಡಿದ ಕೊಳವೆಯಿಂದ ಆ ಅನ್ಯಾಯ ಆಗುವುದಿಲ್ಲ. ಆದರೆ ಬೇಯದ್ದನ್ನು ಚೂರು ಮಾಡುವುದು ಇನ್ನೊಂದು ಬಗೆಯ ಅಪಾಯ. ಹಲ್ಲುಗಳ ನಡುವೆ ಒಡೆದ ಬಾಟಲಿ, ಸಿಡಿದ ಕೊಳವೆ ಒಳಗಿನ ಹನಿಗಳನ್ನು ಗಾಳಿಗೆ ತೂರುತ್ತವೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಮಾರ್ಟನ್ ಎಂಬ ಊರಿನ ತ್ಯಾಜ್ಯ ಘಟಕವೊಂದರಲ್ಲಿ 1997ರಲ್ಲಿ ಮೂವರು ಕೆಲಸಗಾರರಿಗೆ ಕ್ಷಯ ಬಂತು. ಅಲ್ಲಿ ತ್ಯಾಜ್ಯವನ್ನು ಮೊದಲು ಚೂರು ಮಾಡಿ ಆಮೇಲೆ ಬಿಸಿ ಮಾಡುತ್ತಿದ್ದರು. ಒಬ್ಬರ ದೇಹದ ಕ್ಷಯಾಣುವಿನ ಡಿಎನ್‌ಎ ಗುರುತು, ಆ ಘಟಕಕ್ಕೆ ತ್ಯಾಜ್ಯ ಕಳಿಸುತ್ತಿದ್ದ ಕಡೆಯ ರೋಗಿಯೊಬ್ಬರದಕ್ಕೆ ಹೊಂದಿತ್ತು. ನಮ್ಮ ಘಟಕದಲ್ಲಿ ಚೂರು ಮಾಡುವುದು ಬೇಯಿಸಿದ ಮೇಲೆ. ಆದರೆ ನಡುವಿನದು ಬೇಯದೆ ಹೋದಾಗ ನಾವೂ ಮಾರ್ಟನ್‌ನಲ್ಲೇ ಇದ್ದೆವು, ಮತ್ತು ಆ ಬಾಯಿಯ ಮುಂದೆ ನಿಂತಿದ್ದವರು ಅಕ್ಕ.

ಅತಿಯಾಗಿ ಹೆದರಿಸಲೂಬಾರದು. ಸ್ಪೋರು ಬದುಕಿತ್ತೆಂದ ಮಾತ್ರಕ್ಕೆ ಹೆಪಟೈಟಿಸ್ ವೈರಸ್ಸೂ ಬದುಕಿತ್ತೆಂದಲ್ಲ. ಅದು ಕುದಿಯುವ ನೀರಿನ ಬಿಸಿಗೇ ಸಾಯುವಂಥದ್ದು. ಆದರೆ ನಮ್ಮ ಲಾಗರ್ ಅಳೆದದ್ದು ಒಂದು ಚೀಲದ ನಡುವನ್ನು, ಎಲ್ಲ ಚೀಲಗಳ ಎಲ್ಲ ಮೂಲೆಗಳನ್ನಲ್ಲ. ಒಣಗಿದ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಕನಿಷ್ಠ 7 ದಿನ ಬದುಕುತ್ತದೆ. ಕೆಂಪು ಚೀಲದಲ್ಲಿ ಇರಬಾರದ ಸೂಜಿಗಳು ಇರುತ್ತವೆ ಎಂಬುದು ಅಕ್ಕನ ಹೆಬ್ಬೆರಳಿನ ಹಳೆಯ ಗಾಯವೇ ಹೇಳುತ್ತಿತ್ತು. ರಕ್ಷಣೆ ಇಲ್ಲದವರಿಗೆ ಸೋಂಕಿನ ಸೂಜಿ ಚುಚ್ಚಿದರೆ ಹೆಪಟೈಟಿಸ್ ಬಿ ತಗಲುವ ಸಂಭವ ನೂರಕ್ಕೆ 30ರವರೆಗೂ ಹೋಗುತ್ತದೆ. ಎಚ್‌ಐವಿಗಾದರೆ ಸಾವಿರಕ್ಕೆ ಮೂರು.

ಗೋದಾಮಿನ ಮೂಟೆಗಳ ಮಟ್ಟಿಗೆ ದಾರಿ ಸುಲಭವಿತ್ತು. ಚೂರಾದ ಪ್ಲಾಸ್ಟಿಕ್ ನಡುವೆ ಗಾಳಿ ಬಂಧಿಯಾಗುವುದಿಲ್ಲ, ಹಬೆ ಸಲೀಸಾಗಿ ಹೋಗುತ್ತದೆ. ಯಂತ್ರ ಸರಿಯಾದ ಮೇಲೆ ಅಷ್ಟನ್ನೂ ತೂತಿನ ಸ್ಟೀಲ್ ಬುಟ್ಟಿಗಳಲ್ಲಿ ತೆಳ್ಳಗೆ ಹರಡಿ ಮತ್ತೆ ಬೇಯಿಸಿದೆವು. ಹೊರಗೆ ಹೋಗಿದ್ದ ಮೂಟೆಗಳ ವಿಷಯ ಹೇಳಲು ಮಾಲೀಕರು ಹಿಂಜರಿದರು. ವ್ಯಾಪಾರ ಹೋಗುತ್ತದೆ ಎಂಬ ಭಯ. ಫೋನ್ ನಂಬರ್ ಕೊಡಿ, ನಾನೇ ಮಾತಾಡುತ್ತೇನೆ ಎಂದೆ. ಕೊನೆಗೆ ಅವರೇ ಮಾತಾಡಿದರು. ಒಂದಷ್ಟು ಮೂಟೆಗಳು ಬಿಚ್ಚದೆ ಹಾಗೇ ಇದ್ದವು, ವಾಪಸ್ ಬಂದವು. ಉಳಿದದ್ದು ಕರಗಿ ಗುಳಿಗೆಯಾಗಿತ್ತು. ಕರಗಿಸುವ ಬಿಸಿಯಲ್ಲಿ ಯಾವ ಜೀವಿಯೂ ಉಳಿಯದು, ಆದರೆ ಕರಗಿಸುವ ಮೊದಲು ಆ ಚೂರುಗಳನ್ನು ಬಣ್ಣ ನೋಡಿ ಬೇರ್ಪಡಿಸಿದ್ದು ಐದು ಹೆಂಗಸರ ಬರಿಗೈ. ಅವರಲ್ಲಿ ಯಾರೂ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿರಲಿಲ್ಲ. ಘಟಕದ ಕೆಲಸಗಾರರಿಗೆ ಈ ಲಸಿಕೆ, ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಕೊಡಲೇಬೇಕೆಂದು 2016ರ ನಿಯಮ ಹೇಳುತ್ತದೆ. ಘಟಕದ ಗೇಟು ದಾಟಿದ ಮೂಟೆಯನ್ನು ಮುಟ್ಟುವವರ ಕೈ ಆ ಲೆಕ್ಕಕ್ಕೆ ಬಂದಿರಲಿಲ್ಲ. ಐವರಿಗೂ ರಕ್ತಪರೀಕ್ಷೆ ಮಾಡಿಸಿ, ಲಸಿಕೆ ಶುರು ಮಾಡಿಸಿ, ಆರು ತಿಂಗಳ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದೆವು. ಯಾರಿಗೂ ಏನೂ ಆಗಿರಲಿಲ್ಲ. ಆ ಎರಡನೇ ವರದಿ ಕೈಗೆ ಬರುವವರೆಗೆ ನನ್ನ ರಾತ್ರಿಗಳು ಹೇಗಿದ್ದವೆಂದು ನನಗೇ ಗೊತ್ತು.

ಯಂತ್ರದ ರಿಪೇರಿಗೆ ಹನ್ನೊಂದು ದಿನ ಹಿಡಿಯಿತು. ಪಂಪಿನ ನೀರಿಗೆ ನೆರಳಲ್ಲಿ ಬೇರೆ ತೊಟ್ಟಿ, ಅದಕ್ಕೊಂದು ಸಣ್ಣ ಕೂಲಿಂಗ್ ಟವರ್. ಕುದಿನೀರಿಗೆ ಬೇರೆ ದಾರಿ. ಎಳೆದ ಗಾಳಿಗೆ ಫಿಲ್ಟರ್. ಒಂದೇ ಸಲ ಎಂಟು ನಿಮಿಷ ಎಳೆಯುವ ಬದಲು, ಎಳೆದು ಹಬೆ ಬಿಟ್ಟು ಮತ್ತೆ ಎಳೆಯುವ ಸುತ್ತನ್ನು ನಾಲ್ಕು ಸಲ ಮಾಡುವಂತೆ, ಪ್ರತಿ ಸಲವೂ 580 ಮುಟ್ಟದೆ ಮುಂದೆ ಹೋಗದಂತೆ ಹೊಂದಿಸಿದರು. ಆರರಲ್ಲಿ ಒಂದು ಪಾಲು ಉಳಿದ ಗಾಳಿಯನ್ನು ನಾಲ್ಕು ಸಲ ಆರರಿಂದ ಭಾಗಿಸುತ್ತ ಹೋದರೆ ಉಳಿಯುವುದು ಸಾವಿರಕ್ಕೆ ಒಂದು ಪಾಲೂ ಅಲ್ಲ. ಗೇಜು 18ಕ್ಕೆ ಏರಿತು. ಬಿಸಿಯ ಸಂವೇದಕ ಮೇಲಿನಿಂದ ಕೆಳಗಿನ ಬಸಿಯುವ ಕೊಳವೆಗೆ, ಎಲ್ಲಕ್ಕಿಂತ ಕೊನೆಗೆ ಕಾಯುವ ಜಾಗಕ್ಕೆ ಇಳಿಯಿತು. ಅಲ್ಲಿ 121 ಆಗದೆ 45 ನಿಮಿಷದ ಎಣಿಕೆ ಶುರುವಾಗುವುದಿಲ್ಲ. ಚೀಲದ ಗಂಟನ್ನು ಕೈಯಿಂದ ಬಿಚ್ಚಿಸುವುದು ಬೇಡವೆಂದು ನಾನು ಹಟ ಹಿಡಿದೆ. ಬುಟ್ಟಿಯಲ್ಲಿ ಇಟ್ಟ ಮೇಲೆ ಉದ್ದ ಹಿಡಿಯ ಕೊಕ್ಕೆಗತ್ತಿಯಿಂದ ಮೇಲೆ ಸೀಳುವುದು, ಬುಟ್ಟಿಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬದಿರುವುದು ಎಂದಾಯಿತು. ಕೊಕ್ಕೆಗತ್ತಿಯನ್ನು ಊರಿನ ಕಮ್ಮಾರರೊಬ್ಬರು ತೆಂಗಿನ ಗರಿ ಕೊಯ್ಯುವ ದೋಟಿಯ ಮಾದರಿಯಲ್ಲಿ ಮಾಡಿಕೊಟ್ಟರು. ಆಸ್ಪತ್ರೆಗಳಿಗೆ ಬಾಟಲಿ ಕತ್ತರಿಸಿ ಹಾಕಿ ಎಂದು ಪತ್ರ ಹೋಯಿತು. ಕೆಲವರು ಮಾಡುತ್ತಾರೆ, ಕೆಲವರು ಇಂದಿಗೂ ಮಾಡುವುದಿಲ್ಲ.

ಆಮೇಲೆ ಮರುಪರೀಕ್ಷೆ. ನಿಯಮದ ಪ್ರಕಾರ ನಾಲ್ಕು ಸ್ಪೋರ್ ಪಟ್ಟಿ: ಒಂದು ಬೇಯಿಸದೆ ಹೊರಗೆ, ಉಳಿದವು ಮೂರು ಬುಟ್ಟಿಗಳ ತ್ಯಾಜ್ಯದ ನಡುವೆ ಒಂದೊಂದು. ಆ ಬುಟ್ಟಿಗಳಲ್ಲಿ ಒಂದಾದರೂ ಹಬೆ ಹೋಗಲು ಅತಿ ಕಷ್ಟವಾದ ಕಡೆ, ಸಾಮಾನ್ಯವಾಗಿ ತ್ಯಾಜ್ಯದ ತಳದ ನಡುಭಾಗದಲ್ಲಿ, ಇರಬೇಕು. ಹೀಗೆ ಸತತ ಮೂರು ಸಲ. ಮೂರೂ ಸಲ ಒಳಗಿನವು ಸತ್ತಿದ್ದವು, ಹೊರಗಿನದು ಬದುಕಿತ್ತು. ಬಿಗಿ ಗಂಟಿನ ಒಂದು ಚೀಲವನ್ನು ಬೇಕೆಂದೇ ಸೀಳದೆ ನಡುವೆ ಲಾಗರ್ ಇಟ್ಟು ನೋಡಿದೆ. 119.

ದಾಖಲೆ ಪುಸ್ತಕಕ್ಕೆ ಎರಡು ಹೊಸ ಕಾಲಂ ಹಾಕಿಸಿದೆ. ಒಂದು, ಪಂಪಿನ ತೊಟ್ಟಿ ನೀರಿನ ಬಿಸಿ. ಇನ್ನೊಂದನ್ನು ತುಂಬುವವರು ಶ್ರೆಡ್ಡರ್ ಅಕ್ಕ. ಪ್ರತಿ ಬುಟ್ಟಿ ಬಿಚ್ಚಿದಾಗ ನಡುವಿನ ಬಾಟಲಿ ನೋಡಿ "ಮುದ್ದೆ" ಅಥವಾ "ಬಾಟ್ಲಿ" ಎಂದು ಬರೆಯುತ್ತಾರೆ. "ಬಾಟ್ಲಿ" ಎಂದು ಬರೆದ ಬುಟ್ಟಿ ಶ್ರೆಡ್ಡರಿಗೆ ಹೋಗುವುದಿಲ್ಲ, ವಾಪಸ್ ಆಟೋಕ್ಲೇವಿಗೆ. ಬುಟ್ಟಿಯನ್ನು ನಿಲ್ಲಿಸುವ ಅಧಿಕಾರ ಅವರದೇ ಎಂದು ಮಾಲೀಕರ ಸಹಿಯಿರುವ ಕಾಗದ ಗೋಡೆಯ ಮೇಲಿದೆ.

ಮುಂದಿನ ವರ್ಷದ ಏಪ್ರಿಲ್‌ನಲ್ಲಿ ಹೋಗಿದ್ದೆ. ಹೊರಗೆ 38 ಡಿಗ್ರಿ ಬಿಸಿಲು, ತೊಟ್ಟಿಯ ನೀರು 29. ಇನ್‌ಕ್ಯುಬೇಟರಿನ ಶೀಶೆಗಳು ನೇರಳೆ. ಪುಸ್ತಕ ತಿರುವಿ ಹಾಕಿದೆ: ಮುದ್ದೆ, ಮುದ್ದೆ, ಮುದ್ದೆ, ಅಕ್ಕನ ದುಂಡಗಿನ ಅಕ್ಷರದಲ್ಲಿ ಪುಟಗಟ್ಟಲೆ. ಮಾರ್ಚ್ ಕೊನೆಯ ವಾರದ ಒಂದು ದಿನ ಮಾತ್ರ "ಬಾಟ್ಲಿ" ಎಂದಿತ್ತು. ಪಕ್ಕದಲ್ಲಿ ಅವರೇ ಬರೆದಿದ್ದರು: "ಕರೆಂಟ್ ಹೋಗಿತ್ತು, ತಿರುಗ ಬೇಯಿಸಿದೆವು."